ಮನೆ ಹಿಂದಿನ ಹಾಡಿಗೊಂದು ಕರಾರು: ಸ್ವಂತ ಜಾಗದ ಕಾಡನ್ನು ಕಾಗದದಲ್ಲೂ ಉಳಿಸುವ ಬಗೆ

ಉಡುಪಿ ಜಿಲ್ಲೆಯ ಹಿರಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮದೊಂದು ಹಾಡಿ ಇದೆ. ಒಂದೂವರೆ ಎಕ್ರೆಗೆ ಸ್ವಲ್ಪ ಜಾಸ್ತಿ. ಕಿರಾಲುಬೋಗಿ, ಹೆಬ್ಬಲಸು, ಪುನರ್ಪುಳಿ, ನಡುವೆ ರೆಂಜೆ ಮರದ ಬುಡದಲ್ಲಿ ನಾಗಬನ. ಅಜ್ಜನ ಕಾಲದಲ್ಲಿ ಗದ್ದೆಗೆ ಸೊಪ್ಪು, ಬಚ್ಚಲು ಒಲೆಗೆ ತರಗೆಲೆ ಇಲ್ಲಿಂದಲೇ ಬರುತ್ತಿತ್ತು. ಈಗ ಗದ್ದೆಯೂ ಇಲ್ಲ, ಒಲೆಯೂ ಇಲ್ಲ. ಹಾಗಾಗಿ ಹಾಡಿ ಬೇಕಾದವರು ಇಬ್ಬರೇ: ಕೆಂಪು ಕಲ್ಲಿನ ಕೋರೆಯವರು, ಸೈಟ್ ಮಾಡಿ ಮಾರುವವರು.

ಅಪ್ಪ ತೀರಿಕೊಂಡ ಮೇಲೆ ಪಾಲಿಗೆ ಕೂತಾಗ ನಾವು ನಾಲ್ಕೂ ಜನ ಮಕ್ಕಳು ಒಂದೇ ಮಾತು ಹೇಳಿದೆವು, "ಹಾಡಿ ಕಡಿಯುವುದು ಬೇಡ." ಮಾತೇನೋ ಚೆನ್ನಾಗಿತ್ತು. ಆದರೆ ಅದು ನಮ್ಮ ಮಕ್ಕಳನ್ನು ಕಟ್ಟಿಹಾಕುತ್ತದಾ? ಅವರು ಮಾರಿದರೆ ಕೊಂಡವನನ್ನು? ಅದನ್ನು ಹುಡುಕಿಕೊಂಡು ಹೊರಟು ಒಂದೂವರೆ ವರ್ಷ ಓಡಾಡಿದೆ. ನಿಮಗೂ ಇಂಥ ಒಂದು ತುಂಡು ಜಾಗ ಇದ್ದರೆ ಈ ಓಡಾಟ ಸ್ವಲ್ಪ ಕಡಿಮೆಯಾಗಲಿ ಅಂತ ಬರೆಯುತ್ತಿದ್ದೇನೆ.

ಇದು ಎಂಥ ಕರಾರು?

ಜಾಗ ನಿಮ್ಮದೇ. ಆರ್‌ಟಿಸಿಯಲ್ಲಿ ನಿಮ್ಮದೇ ಹೆಸರು. ಮಾರಬಹುದು, ಮಕ್ಕಳಿಗೆ ಬಿಡಬಹುದು. ಆದರೆ ಅಲ್ಲಿ ಮಾಡಬಹುದಾಗಿದ್ದ ಕೆಲವು ಕೆಲಸಗಳನ್ನು, ಅಂದರೆ ಕಲ್ಲು ತೆಗೆಯುವುದು, ಗುಡ್ಡೆ ತಟ್ಟು ಮಾಡುವುದು, ಕಟ್ಟಡ ಕಟ್ಟುವುದು, ಇನ್ನು ಮಾಡುವುದಿಲ್ಲ ಎಂದು ನೀವೇ ಬರೆದು ಕೊಡುತ್ತೀರಿ. ಯಾರ ಒತ್ತಾಯವೂ ಇಲ್ಲ.

ಅಮೆರಿಕದಲ್ಲಿ ಇದು ಹಳೆಯ ಪದ್ಧತಿ. ಅಲ್ಲಿ 1981ರಲ್ಲಿ ರಾಜ್ಯಗಳಿಗೆಲ್ಲ ಒಂದು ಮಾದರಿ ಕಾನೂನನ್ನೇ ಬರೆದರು. ಪಕ್ಕದಲ್ಲಿ ಒಂದು ಸೆಂಟ್ಸ್ ಜಾಗ ಇಲ್ಲದ ಸಂಸ್ಥೆ ಕೂಡ ಅಲ್ಲಿ ನಿಮ್ಮ ಕಾಡಿನ ಕಾವಲು ಹಕ್ಕನ್ನು ಹಿಡಿದುಕೊಳ್ಳಬಹುದು, ಹಾಗೆ ಬರೆದುಕೊಟ್ಟವರಿಗೆ ತೆರಿಗೆಯಲ್ಲೂ ರಿಯಾಯಿತಿ. ನಮ್ಮಲ್ಲಿ ಇದಕ್ಕೆಂದೇ ಮಾಡಿದ ಕಾಯ್ದೆ ಇಲ್ಲ. ಅಲ್ಲಿನ ನಮೂನೆಯನ್ನು ಇಂಟರ್ನೆಟ್‌ನಿಂದ ಇಳಿಸಿ ಹೆಸರು ಬದಲಾಯಿಸಿ ಸಹಿ ಹಾಕಿದರೆ ಅದು ಬರೀ ಕಾಗದ.

ಹಾಗಂತ ನಮ್ಮ ಕರಾವಳಿಗೆ ಈ ಯೋಚನೆ ಹೊಸತೇನಲ್ಲ. ಮೂಲಗೇಣಿ ಚೀಟು, ಅಂದರೆ ಶಾಶ್ವತ ಗೇಣಿಯ ಕರಾರು, ಕೇಳಿದ್ದೀರಲ್ವಾ? ನೂರು ವರ್ಷದ ಹಿಂದೆ ಯಾರೋ ಇಬ್ಬರು ಬರೆದುಕೊಂಡ ಕರಾರು ಮೊಮ್ಮಕ್ಕಳ ಕಾಲದಲ್ಲೂ ಜಾಗದ ಬೆನ್ನು ಬಿಡುತ್ತಿರಲಿಲ್ಲ. ಕಡೆಗೆ ಅದನ್ನು ಬಿಡಿಸುವುದಕ್ಕೆ ಸರಕಾರ 2011ರಲ್ಲಿ ಬೇರೆ ಕಾಯ್ದೆಯನ್ನೇ ತರಬೇಕಾಯಿತು. ನಮಗೆ ಬೇಕಾಗಿರುವುದೂ ಅದೇ ಗುಣ, ಕರಾರು ಮನುಷ್ಯನ ಜೊತೆ ಹೋಗದೆ ಜಾಗದ ಜೊತೆ ಇರಬೇಕು.

ಇಡೀ ಕೆಲಸದಲ್ಲಿ ಮತ್ತೆ ಮತ್ತೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ನಾಳೆ ಯಾರೋ ಜೆಸಿಬಿ ತಂದು ನಿಲ್ಲಿಸಿದರೆ "ನಿಲ್ಲಿಸು" ಎನ್ನುವ ಹಕ್ಕು ಯಾರ ಕೈಯಲ್ಲಿದೆ?

ಮೊದಲು ಜಾಗ ನಿಮ್ಮದೇನಾ ನೋಡಿ

ನಗಬೇಡಿ. ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಹಾಡಿ, ಗುಡ್ಡೆ ಎಂದರೆ ಅರ್ಧಕ್ಕರ್ಧ ಕುಮ್ಕಿ. ಕದೀಂ ವರ್ಗ, ಅಂದರೆ ಹಳೇ ಕಾಲದಿಂದ ಕಂದಾಯ ಕಟ್ಟುತ್ತ ಬಂದ ಸ್ವಂತ ಜಾಗದ ಗಡಿಯಿಂದ 100 ಗಜದ ಒಳಗಿನ ಸರಕಾರಿ ಜಾಗದಲ್ಲಿ ಸೊಪ್ಪು ಸೌದೆ ತರುವ, ದನ ಮೇಯಿಸುವ ಸವಲತ್ತು ವರ್ಗದಾರನಿಗೆ ಇದೆ. ಸವಲತ್ತು ಮಾತ್ರ, ಮಾಲಿಕತ್ವ ಅಲ್ಲ. ಮೂರು ತಲೆಮಾರಿನಿಂದ ಬೇಲಿ ಹಾಕಿಕೊಂಡು ಬಂದಿದ್ದರೂ ಅದು ಸರಕಾರದ್ದೇ. ನಿಮ್ಮದಲ್ಲದ್ದರ ಮೇಲೆ ಕರಾರು ಬರೆದರೆ ನಿಲ್ಲುವುದಿಲ್ಲ.

ನಾವು ಅಳತೆಗೆ ಅರ್ಜಿ ಕೊಟ್ಟೆವು. ಸರ್ವೆಯವರು ಬಂದದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ನಾಗಬನದ ಪಶ್ಚಿಮಕ್ಕೆ ಗಡಿ ಕಲ್ಲು ಇರಬೇಕಿತ್ತು, ಕಾಣಲಿಲ್ಲ. ಕತ್ತಿಯಲ್ಲಿ ಕೇಪುಳದ ಪೊದೆ ಸವರಿ, ಒಂದಡಿ ತರಗೆಲೆ ಬಗೆದ ಮೇಲೆ ಕೆಳಗೆ ಸಿಕ್ಕಿತು. ನಾವು ಅಂದುಕೊಂಡಿದ್ದಕ್ಕಿಂತ ಹನ್ನೆರಡು ಹೆಜ್ಜೆ ಒಳಗೆ! ಅಪ್ಪ ಸದಾ ಹೊಗಳುತ್ತಿದ್ದ ದೊಡ್ಡ ಹೆಬ್ಬಲಸು ನಮ್ಮದಾಗಿರಲಿಲ್ಲ, ಕುಮ್ಕಿಯದು. ಅಣ್ಣ ಸ್ವಲ್ಪ ಹೊತ್ತು ಅದರ ಬುಡದಲ್ಲೇ ಸುಮ್ನೆ ನಿಂತಿದ್ದ.

ಆದ್ದರಿಂದ ಅಳತೆ ಮೊದಲು. ಜೊತೆಗೆ ಆರ್‌ಟಿಸಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವ ಋಣ ಇದೆ ನೋಡಿ. ಸೊಸೈಟಿಯಲ್ಲಿ ಅಡಿಕೆ ತೋಟಕ್ಕೆ ತೆಗೆದ ಸಾಲಕ್ಕೆ ಇಡೀ ಸರ್ವೆ ನಂಬರೇ ಅಡವು ಆಗಿರುವುದುಂಟು. ಹಾಗಿದ್ದರೆ ಸಾಲ ತೀರಿಸಿ, ಇಲ್ಲವೇ ಸಾಲ ಕೊಟ್ಟವರಿಂದ ಒಪ್ಪಿಗೆ ಪತ್ರ ತನ್ನಿ. ಇಸಿಯನ್ನು, ಅಂದರೆ ಜಾಗದ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿಯನ್ನು, ಸಿಗುವಷ್ಟು ಹಿಂದಿನಿಂದ ತೆಗೆಸಿ. ಗೇಣಿದಾರರಾಗಿ ಡಿಕ್ಲರೇಶನ್ ಹಾಕಿ ಸಿಕ್ಕಿದ ಜಾಗವಾದರೆ ಭೂ ಟ್ರಿಬ್ಯೂನಲ್ ಆದೇಶದ ಪ್ರತಿ, ಮಂಜೂರಾತಿ ಜಾಗವಾದರೆ ಅದರ ಷರತ್ತುಗಳು, ಎಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ಪೋಡಿ, ಅಂದರೆ ಸರ್ವೆ ನಂಬರನ್ನು ಬೇರೆಬೇರೆ ಮಾಡುವ ಕೆಲಸ, ಆಗದೆ ಹಿಸ್ಸೆಗಳು ಒಟ್ಟಿಗೇ ಇದ್ದರೆ ಅದನ್ನೂ ಈಗಲೇ ಬಗೆಹರಿಸಿಕೊಳ್ಳಿ.

ಮನೆಯವರು

ಕಾಗದಕ್ಕಿಂತ ಇದಕ್ಕೇ ಜಾಸ್ತಿ ಸಮಯ ಹೋಗುತ್ತದೆ. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನ ಕುಟುಂಬಗಳಲ್ಲಿ ಕವರು (ಕುಟುಂಬದ ಕವಲು), ಪಾಲು ಎಂದು ಹಕ್ಕುದಾರರ ಪಟ್ಟಿಯೇ ಎರಡು ಪುಟ ಆಗಬಹುದು. ಅಪ್ಪನ ಕಡೆಯಿಂದ ಬರುವ ಮಕ್ಕಳಕಟ್ಟಿನ ಮನೆಯಾದರೂ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು. ಮುಂಬೈಯಲ್ಲಿರುವ ಅಕ್ಕನ ಸಹಿ ಆಮೇಲೆ ಹಾಕಿಸಿದರಾಯಿತು ಎಂದು ಬಿಡಬೇಡಿ. ದುಬೈ, ಮಸ್ಕತ್‌ನಲ್ಲಿರುವವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳುಹಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳ ಒಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಿಸಿಕೊಳ್ಳಬೇಕು.

ಇನ್ನೊಂದು ಮಾತು, ಯಾರೂ ಬಾಯಿಬಿಟ್ಟು ಹೇಳದ್ದು. ಹಾಡಿ ಪಾಲಿಗೆ ಬಂದವನಿಗೆ ನಷ್ಟ. ಕಟ್ಟುವಂತಿಲ್ಲ, ಕಡಿಯುವಂತಿಲ್ಲ, ಮಾರಿದರೂ ಬೆಲೆ ಕಡಿಮೆ. ನಮ್ಮಲ್ಲಿ ಹಾಡಿ ಅಣ್ಣನ ಪಾಲಿಗೆ ಬಂತು. "ನೀವೆಲ್ಲ ಮರ ನೋಡಿ ಖುಷಿಪಡಿ, ನಾನು ತೀರ್ವೆ ಕಟ್ಟುತ್ತೇನೆ" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಕಡೆಗೆ ನಾವು ಮೂವರೂ ತೋಟದ ಪಾಲಿನಲ್ಲಿ ಹತ್ತತ್ತು ಸೆಂಟ್ಸ್ ಅವನಿಗೆ ಬಿಟ್ಟೆವು. ಸ್ವಯಂಪ್ರೇರಿತ ಎಂಬ ಮಾತಿಗೆ ಅರ್ಥ ಬರಬೇಕಾದರೆ ಈ ಲೆಕ್ಕ ಮೊದಲೇ ಆಗಬೇಕು. ಮನಸ್ಸಿಲ್ಲದೆ ಸಹಿ ಹಾಕಿದವರ ಮಕ್ಕಳೇ ನಾಳೆ ಕೋರ್ಟಿಗೆ ಹೋಗುವವರು.

ಏನಿದೆ ಎಂದು ಬರೆದಿಡಿ

ಎರಡು ಸಲ ಸುತ್ತಾಡಿ. ಒಮ್ಮೆ ಜನವರಿಯಲ್ಲಿ, ಒಮ್ಮೆ ಆಟಿಯಲ್ಲಿ, ಅಂದರೆ ಜುಲೈ ಆಗಸ್ಟ್ ಮಳೆಯಲ್ಲಿ. ಬೇಸಿಗೆಯಲ್ಲಿ ಒಣ ಗುಂಡಿಯಂತೆ ಕಂಡದ್ದು ಆಟಿ ಮಳೆಗೆ ಒರತೆ ಆಗಿರುತ್ತದೆ. ಪದವು, ಅಂದರೆ ಮರವಿಲ್ಲದ ಕಲ್ಲುಹಾಸಿನ ಬಯಲು ಜಾಗವಾದರಂತೂ ಮಳೆಗಾಲದಲ್ಲೇ ನೋಡಬೇಕು. ಬೇಸಿಗೆಯಲ್ಲಿ ಸುಟ್ಟ ಕಲ್ಲಿನಂತಿರುವ ಮುರಕಲ್ಲು ಹಾಸಿನ ಮೇಲೆ ಆಗ ಅಂಗುಲದೆತ್ತರದ ಹೂಗಿಡಗಳು ತುಂಬಿರುತ್ತವೆ. ಮರ ಇಲ್ಲ ಎಂಬ ಒಂದೇ ಕಾರಣಕ್ಕೆ ಪದವನ್ನು ಬಂಜರು ಎಂದು ಬರೆಸಬೇಡಿ.

ದೊಡ್ಡ ಮರಗಳ ಹೆಸರು, ಎದೆಮಟ್ಟದ ಸುತ್ತಳತೆ, ಒರತೆ, ತೋಡು, ಗುಡ್ಡೆ ಕೊರೆದು ಮಾಡಿದ ನೀರಿನ ಸುರಂಗ, ಮದಕ (ಮಳೆನೀರಿನ ಕೆರೆ), ಹುತ್ತ ಇವನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತಿಸಿ. ಐದಾರು ಕಡೆ ಗೂಟ ನೆಟ್ಟು, ಅಲ್ಲಿಂದ ನಾಲ್ಕು ದಿಕ್ಕಿಗೂ ಫೋಟೊ ತೆಗೆದು ತಾರೀಕು ಹಾಕಿ. ಮುಂದೆ ತಕರಾರು ಬಂದಾಗ "ಇಲ್ಲಿ ಮರ ಇತ್ತು" ಎಂದು ಹೇಳುವುದಕ್ಕಿಂತ ಫೋಟೊ ತೋರಿಸುವುದು ಸುಲಭ. ಈ ಪಟ್ಟಿಗೆ ಎಲ್ಲರೂ ಸಹಿ ಹಾಕಿ ಕರಾರಿನ ಜೊತೆ ಲಗತ್ತಿಸಿ.

ನಿಮಗೆ ಏನು ಬೇಕು ಅದನ್ನೂ ಇಲ್ಲೇ ಯೋಚಿಸಿ. ಬಿದ್ದ ಮರ, ಪುನರ್ಪುಳಿ ಹಣ್ಣು, ಸೊಪ್ಪು, ಜೇನು, ನಾಗಬನಕ್ಕೆ ಹೋಗುವ ಕಾಲುದಾರಿ. ಎಲ್ಲವನ್ನೂ ಬಿಟ್ಟುಕೊಡಬೇಕಾಗಿಲ್ಲ.

ಯಾವ ದಾರಿ?

ನಾವು ಹಿಡಿದದ್ದು ಈಸ್‌ಮೆಂಟ್ ದಾರಿ. ದಾರಿ ಹಕ್ಕು, ನೀರು ಹರಿಯುವ ಹಕ್ಕು ಎಂದು ನಾವು ದಿನಾ ಜಗಳಾಡುತ್ತೇವಲ್ಲ, ಅದೇ 1882ರ ಈಸ್‌ಮೆಂಟ್ ಕಾಯ್ದೆ. ಅದರ 4ನೇ ಕಲಂ ಪ್ರಕಾರ ಇನ್ನೊಬ್ಬರ ಜಾಗದಲ್ಲಿ ಏನಾದರೂ ಮಾಡುವ ಹಕ್ಕಷ್ಟೇ ಅಲ್ಲ, ಏನಾದರೂ ಮಾಡದಂತೆ ತಡೆಯುವ ಹಕ್ಕೂ ಈಸ್‌ಮೆಂಟೇ. ಆದರೆ ಒಂದು ಷರತ್ತು ಇದೆ. ಆ ಹಕ್ಕು ತಡೆಯುವವನ ಸ್ವಂತ ಜಾಗದ ಉಪಯೋಗಕ್ಕಾಗಿ ಇರಬೇಕು. ಜಾಗ ಇಲ್ಲದ ಸಂಸ್ಥೆಗೆ ಇದು ಸಿಗದು, ಪಕ್ಕದ ಜಾಗದವರಿಗೆ ಸಿಗುತ್ತದೆ.

ನಮ್ಮ ಹಾಡಿಯ ಕೆಳಗೆ ನಮ್ಮ ಮೂವರ ತೋಟ, ಮೂರು ಬಾವಿ. ಇನ್ನೂ ಕೆಳಗೆ ಬೈಲಿನಲ್ಲಿ ನೆರೆಯವರ ಸುರಂಗ. ಮೇಲೆ ಗುಡ್ಡೆ ಕಡಿದರೆ ಕೆಳಗಿನ ಬಾವಿಗಳಲ್ಲಿ ನೀರು ಕಡಿಮೆಯಾಗುತ್ತದೆ ಎನ್ನುವುದಕ್ಕೆ ನಮ್ಮಲ್ಲಿ ಪಂಡಿತರು ಬೇಡ. ಹಾಗಾಗಿ ಹಾಡಿಯ ಮೇಲೆ ತಡೆಯುವ ಹಕ್ಕನ್ನು ಕೆಳಗಿನ ನಾಲ್ಕೂ ಜಾಗಗಳಿಗೆ ಕೊಟ್ಟೆವು. ನಾಲ್ಕು ಯಾಕೆಂದರೆ, ಹಕ್ಕು ಇರುವವನು ಅದನ್ನು ಬಿಟ್ಟುಕೊಡಬಹುದು. ಒಬ್ಬನಾದರೆ ದುಡ್ಡು ಕೊಟ್ಟು ಒಪ್ಪಿಸುವುದು ಸುಲಭ, ನಾಲ್ವರನ್ನು ಒಪ್ಪಿಸುವುದು ಕಷ್ಟ. ಇನ್ನೊಂದು, ಎರಡೂ ಜಾಗ ಒಬ್ಬನದೇ ಆದರೆ ಈಸ್‌ಮೆಂಟ್ ಬಿದ್ದುಹೋಗುತ್ತದೆ. ನಾಳೆ ಅಣ್ಣನೇ ನನ್ನ ತೋಟ ಕೊಂಡರೆ ನನ್ನದು ಹೋಯಿತು, ಉಳಿದ ಮೂರು ಇರುತ್ತವೆ. ನೆರೆಯವರನ್ನು ಸೇರಿಸುವುದಕ್ಕೆ ಅಣ್ಣ ಮೊದಲು ಹಿಂದೆಮುಂದೆ ನೋಡಿದ. ಆದರೆ ಕುಟುಂಬದೊಳಗೇ ಇಟ್ಟರೆ ಕುಟುಂಬದ ಜಗಳಕ್ಕೇ ಅದು ಸಾಯುತ್ತದೆ.

ಇದಕ್ಕೆ ಜೊತೆಯಾಗಿ 1882ರದ್ದೇ ಸ್ವತ್ತು ವರ್ಗಾವಣೆ ಕಾಯ್ದೆಯ 40ನೇ ಕಲಂ ಇದೆ. ನೆರೆಯವನ ಜಾಗದ ಒಳಿತಿಗಾಗಿ ಹಾಕಿಕೊಂಡ ನಿರ್ಬಂಧವನ್ನು ಮುಂದೆ ಕೊಂಡವನ ಮೇಲೂ ಹೇರಬಹುದು. ಅವನಿಗೆ ಅದು ಗೊತ್ತಿರಬೇಕು, ಅಥವಾ ಜಾಗ ಪುಕ್ಕಟೆ ಬಂದಿರಬೇಕು. ಗೊತ್ತಿಲ್ಲದೆ ದುಡ್ಡು ಕೊಟ್ಟು ಕೊಂಡವನಿಗೆ ಅದು ತಗಲುವುದಿಲ್ಲ. ಗೊತ್ತಿಲ್ಲ ಎನ್ನುವಂತಾಗಬಾರದು ಎಂದೇ ನೋಂದಣಿ.

ಕೆಲವರು ಟ್ರಸ್ಟಿಗೆ ಲೀಸ್ ಕೊಡಿ ಎನ್ನುತ್ತಾರೆ. ನಮಗೂ ಒಬ್ಬ ಡೀಡ್ ರೈಟರ್ ಧೈರ್ಯವಾಗಿ 99 ವರ್ಷದ ಲೀಸ್ ಬರೆಯಲು ಹೊರಟಿದ್ದರು. ಕೃಷಿ ಜಮೀನಾದರೆ ಆ ಕಡೆ ತಲೆ ಹಾಕಬೇಡಿ. 1961ರ ಭೂ ಸುಧಾರಣೆ ಕಾಯ್ದೆಯ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ತಡೆಯುತ್ತದೆ. 1974ರಲ್ಲಿ ಅದೇ ಕಾಯ್ದೆ ತಿದ್ದಿ ಗೇಣಿದಾರರಿಗೇ ಜಾಗ ಕೊಟ್ಟ ನಂತರ ಗೇಣಿ ಎಂಬ ಶಬ್ದ ಕೇಳಿದರೆ ಇಲ್ಲಿನ ಹಳಬರು ಯಾಕೆ ಬೆಚ್ಚುತ್ತಾರೆಂದು ನಿಮಗೂ ಗೊತ್ತಲ್ವಾ.

ಮುಂದೆ ನೋಡಿಕೊಳ್ಳುವವರೇ ಇಲ್ಲ ಎಂದಾದರೆ ಸಾರ್ವಜನಿಕ ಟ್ರಸ್ಟಿಗೆ ದಾನಪತ್ರ ಮಾಡಬಹುದು. ಆಗ ಮಾಲಿಕತ್ವ ಹೋಗುತ್ತದೆ. ನಿಮ್ಮ ಕೈಯಲ್ಲಿಲ್ಲದ ಒಂದು ಘಟನೆ ನಡೆದರೆ ದಾನ ರದ್ದಾಗುತ್ತದೆಂದು ಬರೆಯಲು ಸ್ವತ್ತು ವರ್ಗಾವಣೆ ಕಾಯ್ದೆಯ 126ನೇ ಕಲಂ ಅವಕಾಶ ಕೊಡುತ್ತದೆ. ಉದಾಹರಣೆಗೆ, ಟ್ರಸ್ಟ್ ಆ ಜಾಗದಲ್ಲಿ ಕಟ್ಟಡ ಕಟ್ಟಿದರೆ ಜಾಗ ವಾಪಸ್ಸು. ಆದಾಯ ತೆರಿಗೆಯ ದಾನದ ರಿಯಾಯಿತಿ ಹಣಕ್ಕೆ ಮಾತ್ರ, ಜಾಗ ಕೊಟ್ಟರೆ ಸಿಗುವುದಿಲ್ಲ. ಅದರ ಆಸೆ ತೋರಿಸುವವರನ್ನು ನಂಬಬೇಡಿ.

ಸರಕಾರದ ದಾರಿಯೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಪ್ರಕಾರ ಒಬ್ಬ ವ್ಯಕ್ತಿ ತಾನಾಗಿ ಮುಂದೆ ಬಂದರೆ ಅವನ ಖಾಸಗಿ ಜಾಗವನ್ನೂ ಸಮುದಾಯ ಮೀಸಲು ಎಂದು ರಾಜ್ಯ ಸರಕಾರ ಘೋಷಿಸಬಹುದು. ನಮ್ಮ ರಾಜ್ಯದಲ್ಲಿ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಹಾಗಾಗಿದೆ. 2022ರ ತಿದ್ದುಪಡಿಯ ನಂತರ ಖಾಸಗಿ ಜಾಗದ ಸಮಿತಿಯಲ್ಲಿ ಮಾಲಿಕ, ಅರಣ್ಯ ಇಲಾಖೆಯ ಪ್ರತಿನಿಧಿ, ಪಂಚಾಯತ್ ಪ್ರತಿನಿಧಿ ಇರುತ್ತಾರೆ. ಗಟ್ಟಿ ಕಾಪು, ಅನುಮಾನವಿಲ್ಲ. ಆದರೆ ಒಮ್ಮೆ ಘೋಷಣೆಯಾದರೆ ಸಮಿತಿಯ ನಿರ್ಣಯ, ಸರಕಾರದ ಒಪ್ಪಿಗೆ ಎರಡೂ ಇಲ್ಲದೆ ಆ ಜಾಗದ ಬಳಕೆಯ ರೀತಿ ಬದಲಿಸುವಂತಿಲ್ಲ. ಹೆಬ್ರಿ, ಬೆಳ್ತಂಗಡಿ ಕಡೆ ಘಟ್ಟದ ಬುಡದಲ್ಲಿ ಇಪ್ಪತ್ತು ಮೂವತ್ತು ಎಕ್ರೆ ಕಾಡು ಇದ್ದವರು ಇದನ್ನು ಯೋಚಿಸಬೇಕು. ಒಂದೂವರೆ ಎಕ್ರೆಗೆ ನನಗೆ ಇದು ಜಾಸ್ತಿ ಅನಿಸಿತು. ದಾಖಲೆಯಲ್ಲಿ ಕಾಡಲ್ಲದ ಜಾಗವನ್ನೂ ಕಾಡೆಂದು ಪರಿಗಣಿಸುವ ಡೀಮ್ಡ್ ಫಾರೆಸ್ಟ್ ಗಲಾಟೆ ನೋಡಿದ ಅಣ್ಣನಂತೂ ಅರಣ್ಯ ಇಲಾಖೆ ಎಂದ ಕೂಡಲೇ ಎದ್ದು ಹೋದ.

ಯಾವ ದಾರಿ ಹಿಡಿದರೂ ಪಂಚಾಯತ್‌ನ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಒಂದು ಅರ್ಜಿ ಕೊಟ್ಟು ಅವರ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಹಾಡಿ, ಬನವನ್ನು ಬರೆಸಿ. ಖರ್ಚಿಲ್ಲದ ಕೆಲಸ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಈ ಸಮಿತಿಗಳನ್ನು ಮಾಡಿದ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲೇ.

ಕರಾರಿನ ಮಾತು

ನಮ್ಮ ಮೊದಲ ಕರಡಿನಲ್ಲಿ ಹೀಗಿತ್ತು: "ಸದರಿ ಹಾಡಿಯನ್ನು ಪರಿಸರಕ್ಕೆ ಧಕ್ಕೆಯಾಗದಂತೆ ಕಾಪಾಡಿಕೊಂಡು ಬರತಕ್ಕದ್ದು." ಓದಲು ಚಂದ, ಕೆಲಸಕ್ಕೆ ಬಾರದು. ಧಕ್ಕೆ ಎಂದರೇನು? ಯಾರು ಅಳೆಯುವುದು? ಅದಕ್ಕಿಂತ ದೊಡ್ಡ ತೊಂದರೆ "ಕಾಪಾಡತಕ್ಕದ್ದು" ಎಂಬುದರಲ್ಲಿದೆ. ಈಸ್‌ಮೆಂಟ್ ಕಾಯ್ದೆಯ 27ನೇ ಕಲಂ ಪ್ರಕಾರ ನಿರ್ಬಂಧ ಇರುವ ಜಾಗದ ಮಾಲಿಕ ತಾನಾಗಿ ಏನನ್ನೂ ಮಾಡಿಕೊಡಬೇಕಾಗಿಲ್ಲ. "ಮಾಡಬಾರದು" ಎಂಬುದು ನಿಲ್ಲುತ್ತದೆ, "ಮಾಡಬೇಕು" ಎಂಬುದು ನಿಲ್ಲುವುದಿಲ್ಲ.

ವಕೀಲರು ತಿದ್ದಿದ ಮೇಲೆ ಅದು ಹೀಗಾಯಿತು (ಎ ಷೆಡ್ಯೂಲ್ ಎಂದರೆ ಹಾಡಿ; ಬಿ, ಸಿ, ಡಿ, ಇ ಎಂದರೆ ಕೆಳಗಿನ ನಾಲ್ಕು ಜಾಗ):

"ಎ ಷೆಡ್ಯೂಲಿನ ಸ್ಥಳದಲ್ಲಿ ಕಲ್ಲು ಮಣ್ಣು ತೆಗೆಯುವುದಾಗಲಿ, ನೆಲ ಸಮತಟ್ಟು ಮಾಡುವುದಾಗಲಿ, ಕೊಳವೆಬಾವಿ ಕೊರೆಯುವುದಾಗಲಿ, ಕಟ್ಟಡ ಕಟ್ಟುವುದಾಗಲಿ, ಎದೆಮಟ್ಟದಲ್ಲಿ 30 ಸೆಂ.ಮೀ.ಗಿಂತ ಹೆಚ್ಚು ಸುತ್ತಳತೆಯ ಹಸಿ ಮರ ಕಡಿಯುವುದಾಗಲಿ ಮಾಡತಕ್ಕದ್ದಲ್ಲ. ಮಾಡಿದಲ್ಲಿ ತಡೆಯುವ ಹಕ್ಕು ಬಿ, ಸಿ, ಡಿ, ಇ ಷೆಡ್ಯೂಲುಗಳ ಮಾಲಿಕರಿಗೆ ಅವರವರ ಬಾವಿ, ಸುರಂಗ ಮತ್ತು ತೋಡಿನ ನೀರಿನ ರಕ್ಷಣೆಗಾಗಿ ಇರತಕ್ಕದ್ದು. ಸದರಿ ಹಕ್ಕು ಸ್ಥಳಗಳೊಂದಿಗೆ ಹೋಗತಕ್ಕದ್ದು."

ಮಾಡಬೇಕಾದ ಕೆಲಸಗಳಿಗೆ, ಅಂದರೆ ತಾನಾಗಿ ಹುಟ್ಟುವ ಅಕೇಶಿಯಾ ಸಸಿ ಕೀಳುವುದು, ಬೇಸಿಗೆಗೆ ಮೊದಲು ಬೆಂಕಿ ದಾರಿ ಸವರುವುದು, ಇವಕ್ಕೆ ಇನ್ನೊಂದು ಉಪಾಯ ಇದೆ. ಕೆಳಗಿನ ಜಾಗದವರು ತಮ್ಮ ಖರ್ಚಿನಲ್ಲಿ ಒಳಗೆ ಬಂದು ಇದನ್ನು ಮಾಡಬಹುದು ಎಂದು ಬರೆಯಿರಿ. ಮಾಡುವ ಹಕ್ಕು ಎಂದಾದಾಗ ಅದು ನಿಲ್ಲುತ್ತದೆ. ವರ್ಷಕ್ಕೊಮ್ಮೆ ಬಂದು ನೋಡುವ ಹಕ್ಕು, ನಾಗಬನಕ್ಕೆ ಹೋಗುವ ದಾರಿಯ ಹಕ್ಕು ಕೂಡ ಇಲ್ಲೇ ಸೇರಲಿ.

"ಯಾರಿಗೂ ಮಾರಬಾರದು" ಎಂದು ಮಾತ್ರ ಬರೆಯಬೇಡಿ. ಮಾರಾಟವನ್ನೇ ಪೂರ್ತಿ ತಡೆಯುವ ಷರತ್ತು ಸ್ವತ್ತು ವರ್ಗಾವಣೆ ಕಾಯ್ದೆಯ 10ನೇ ಕಲಂ ಪ್ರಕಾರ ಬಿದ್ದುಹೋಗುತ್ತದೆ. ಹೆದ್ದಾರಿಗೋ ಹೈಟೆನ್ಷನ್ ಲೈನಿಗೋ ಸರಕಾರ ಕೈಹಾಕಿದರೆ ಈ ಕರಾರು ತಡೆಯುವುದಿಲ್ಲ ಎಂಬುದೂ ತಿಳಿದಿರಲಿ. ಕಾಡು ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಾದದ್ದು ಹಾಗೆಯೇ ಇರುತ್ತದೆ, ಕರಾರು ಅದರ ಮೇಲಿನದ್ದು.

ಸಿವಿಲ್ ಕೆಲಸ ಮಾಡುವ ವಕೀಲರಿಗೆ ಒಮ್ಮೆ ತೋರಿಸಿಯೇ ಮುಂದೆ ಹೋಗಿ. ಅಲ್ಲಿ ಉಳಿಸುವ ಐದು ಸಾವಿರ ಆಮೇಲೆ ಐವತ್ತಾಗಿ ಬರುತ್ತದೆ.

ನೋಂದಣಿ

ಪಾಲಿನ ಜೊತೆಗೇ ಮಾಡಿದರೆ ಸುಲಭ. ಪಾಲಿಗೆ ಹೇಗೂ 11ಇ ನಕ್ಷೆ, ಅಂದರೆ ತುಂಡುಗಳನ್ನು ತೋರಿಸುವ ಸರ್ವೆ ನಕ್ಷೆ ಬೇಕು, ಹಾಡಿಯ ಗಡಿಯೂ ಅದರಲ್ಲೇ ಬರುತ್ತದೆ. ನಿರ್ಬಂಧಗಳನ್ನು ವಿಭಾಗಪತ್ರದಲ್ಲೇ ಬರೆಸಿ. ನೆರೆಯವರಿಗೆ ಕೊಡುವ ಹಕ್ಕಿಗೆ ಬೇರೆ ಪತ್ರ ಮಾಡಿ ಅದನ್ನೂ ನೋಂದಾಯಿಸಿ. ಕೌಂಟರಿನಲ್ಲಿ ನಮ್ಮ ಕಾಗದ ನೋಡಿದವರು "ಇದೆಂತದು ಮಾರಾಯ್ರೆ, ಸೇಲಾ, ಗಿಫ್ಟಾ?" ಎಂದು ಕೇಳಿದರು. ಈಸ್‌ಮೆಂಟ್ ಹಕ್ಕು ಕೊಟ್ಟ ಪತ್ರ ಎಂದು ತಲೆಬರಹದಲ್ಲೇ ಇದ್ದುದರಿಂದ ಕೆಲಸ ಮುಂದೆ ಹೋಯಿತು. ಸ್ಟ್ಯಾಂಪ್ ಶುಲ್ಕ ಎಷ್ಟೆಂದು ಮೊದಲೇ ವಿಚಾರಿಸಿಕೊಂಡು ಹೋಗಿ.

ನೋಂದಣಿಯಾದ ಮೇಲೆ ಇಸಿ ತೆಗೆಸಿ ನೋಡಿ. ಎಲ್ಲ ಸರ್ವೆ ನಂಬರುಗಳ ಎದುರೂ ಈ ಪತ್ರ ಕಾಣಬೇಕು. ನಮ್ಮದರಲ್ಲಿ ಒಂದು ಹಿಸ್ಸೆ ಬಿಟ್ಟುಹೋಗಿತ್ತು, ತಿದ್ದುಪಡಿ ಪತ್ರ ಮಾಡಿಸಬೇಕಾಯಿತು. ಆರ್‌ಟಿಸಿಯ 11ನೇ ಕಾಲಂನಲ್ಲೂ ನಮೂದಿಸಲು ಕಂದಾಯ ಕಚೇರಿಗೆ ಅರ್ಜಿ ಕೊಡಿ. ಜಾಗ ಕೊಳ್ಳುವವರು ಮೊದಲು ತೆರೆಯುವುದು ಅದನ್ನೇ.

ಆಮೇಲೆ

ವರ್ಷಕ್ಕೊಮ್ಮೆ ನೋಡದಿದ್ದರೆ ಎಂಥ ಕಾಗದವೂ ಕಪಾಟಿನಲ್ಲೇ ಕೂರುತ್ತದೆ. ದಿನ ಗೊತ್ತುಮಾಡುವುದಕ್ಕೆ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ನಾಗರ ಪಂಚಮಿಗೆ ತನು ಹಾಕಲು, ಅಂದರೆ ನಾಗನಿಗೆ ಹಾಲೆರೆಯಲು, ಎಲ್ಲರೂ ಹೇಗೂ ಬನಕ್ಕೆ ಬರುತ್ತಾರೆ. ಪೂಜೆ ಮುಗಿಸಿ ಗಡಿ ಸುತ್ತುತ್ತೇವೆ. ಒಂದು ನೋಟ್‌ಬುಕ್, ಒಂದು ಕತ್ತಿ, ಉಂಬಳಕ್ಕೆ (ಜಿಗಣೆಗೆ) ಉಪ್ಪಿನ ಪೊಟ್ಟಣ. ಗೂಟದ ಫೋಟೊಗಳನ್ನು ಮಾತ್ರ ಜನವರಿಯಲ್ಲಿ ತೆಗೆಯುತ್ತೇವೆ, ಮಳೆಯಲ್ಲಿ ಏನೂ ಸರಿ ಕಾಣುವುದಿಲ್ಲ.

ಕಳೆದ ವರ್ಷ ಹಾಗೆ ಸುತ್ತುವಾಗ ಮೇಲಿನ ಗಡಿಯಲ್ಲಿ ಹೊಸ ಮಣ್ಣು ಕಂಡಿತು. ಮೇಲಿನ ಜಾಗದವರು ಮನೆ ಪಾಯ ತೆಗೆದ ಮಣ್ಣನ್ನು ನಮ್ಮ ಹಾಡಿಗೆ ತಳ್ಳಿಸಿದ್ದರು. ಒರತೆಯ ಬಾಯಿ ಅರ್ಧ ಮುಚ್ಚಿತ್ತು. ಅಣ್ಣ ಅಲ್ಲಿಂದಲೇ ಫೋನ್ ಮಾಡಿದ. ಅವರು ಮೊದಲು "ಕಾಡಲ್ವಾ, ಮಣ್ಣು ಬಿದ್ದರೆ ಎಂತ ಆಯ್ತು?" ಎಂದರಂತೆ. ಅಣ್ಣ ಸಂಜೆ ನೋಂದಣಿ ಪತ್ರದ ನಕಲು, ಜನವರಿಯ ಫೋಟೊ ಎರಡನ್ನೂ ಹಿಡಿದು ಅವರ ಮನೆಗೆ ಹೋದ. ಕೆಳಗಿನ ನೆರೆಯವರೂ ಜೊತೆಗಿದ್ದರು. ಮೂರನೇ ದಿನ ನಾಲ್ಕು ಆಳು ಬಂದು ಬುಟ್ಟಿಯಲ್ಲಿ ಮಣ್ಣು ಹೊತ್ತರು. ಜೆಸಿಬಿ ಒಳಗೆ ಬಿಡಲು ಅಣ್ಣನೇ ಒಪ್ಪಲಿಲ್ಲ.